ದಾರ ಕಾಣಬೇಕೋ, ಕಾಣಬಾರದೋ?

ಇಂಥವೆಲ್ಲ ನಮಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ದಾರ ಇರುವ ಮನೆಯಲ್ಲಿ ಸಿಕ್ಕು ಇರಲೇಬೇಕು. ಒಂದನ್ನು ಬಿಡಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಕಾಲಿಗೆ ಸುತ್ತಿಕೊಂಡಿರುತ್ತದೆ.

ಅರಸೀಕೆರೆಯಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಚರ್ಮದ ಸಾಮಾನಿನ ಅಂಗಡಿ. ಚೀಲ, ಬೆಲ್ಟು, ಪರ್ಸು, ಎತ್ತಿನ ಕೊರಳಿಗೆ ಗಂಟೆ ಕಟ್ಟುವ ಪಟ್ಟಿ, ಯಾವುದೇ ಆಗಲಿ, ಎಲ್ಲ ಕೈಹೊಲಿಗೆ. ಮೊದಲು ನಮ್ಮ ಮಾವ ಹೊಲಿಯುತ್ತಿದ್ದರು, ಆಮೇಲೆ ನಮ್ಮ ಯಜಮಾನರು. ನಾನು ಹೊಲಿಯುವವಳಲ್ಲ, ದಾರ ಆರಿಸುವವಳು. "ಅದೂ ಒಂದು ಕೆಲಸವೇನೇ?" ಅಂತ ನಮ್ಮಕ್ಕ ಈಗಲೂ ನಗುತ್ತಾಳೆ. ಮೂವತ್ತೈದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಚರ್ಮ ಎಷ್ಟು ದಪ್ಪ, ದಾರ ಎಷ್ಟು ಎಳೆ, ಹತ್ತಿಯದೋ ನೈಲಾನೋ, ಯಾವ ಬಣ್ಣ, ಎಷ್ಟು ಮೇಣ, ಎಲ್ಲಾ ನನ್ನ ಲೆಕ್ಕ. ಈ ಕೆಲಸ ನನ್ನ ಪಾಲಿಗೆ ಬಂದ ರೀತಿಯೇ ಒಂದು ಕಥೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಮೊಳೆಯ ಸಾಲು

ಮದುವೆಯಾದ ವರ್ಷ. ಆಯುಧಪೂಜೆಗೆ ಅಂಗಡಿ ಸ್ವಚ್ಛ ಮಾಡುವ ಕೆಲಸ ಹೊಸ ಸೊಸೆಯ ಪಾಲಿಗೆ ಬಂತು. ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದು ದಾರದ ರೀಲುಗಳನ್ನು ನೇತುಹಾಕಿದ್ದರು. ದೊಡ್ಡ ರೀಲಿನ ಪಕ್ಕ ಸಣ್ಣದು, ಸಣ್ಣದರ ಪಕ್ಕ ಮತ್ತೆ ದೊಡ್ಡದು. ನೋಡೋಕೆ ಚೆಂದವಿರಲಿಲ್ಲ. ನಾನು ಎಲ್ಲವನ್ನೂ ಇಳಿಸಿ, ಧೂಳು ಕೊಡವಿ, ದೊಡ್ಡದರಿಂದ ಸಣ್ಣದಕ್ಕೆ ಮೆಟ್ಟಿಲ ಹಾಗೆ ಜೋಡಿಸಿ, ಪ್ರತಿಯೊಂದಕ್ಕೂ ಕುಂಕುಮ ಇಟ್ಟೆ. ಯಾರಾದರೂ ಹೊಗಳಲಿ ಅಂತ ಎರಡು ದಿನ ಕಾದೆ. ಯಾರೂ ಹೊಗಳಲಿಲ್ಲ.

ಮೂರನೇ ದಿನ ಹಾರನಹಳ್ಳಿ ಕಡೆಯ ಹೆಡ್ಮಾಸ್ತರೊಬ್ಬರು ತಮ್ಮ ಚೀಲ ತೆಗೆದುಕೊಂಡು ಹೋಗಲು ಬಂದರು. ಕಂದು ಚರ್ಮದ ಚೀಲ, ನಿವೃತ್ತಿಯ ಸಮಾರಂಭದ ದಿನ ಹೆಗಲಿಗೆ ಹಾಕಿಕೊಳ್ಳಬೇಕು ಅಂತ ಆಸೆಪಟ್ಟು ಹೇಳಿ ಮಾಡಿಸಿದ್ದು. ನಮ್ಮ ಯಜಮಾನರು ಪೇಪರು ಬಿಚ್ಚಿ ಹೆಮ್ಮೆಯಿಂದ ಮುಂದಿಟ್ಟರು.

"ನೋಡಿ ಸಾರ್, ಕಂದು ಚರ್ಮಕ್ಕೆ ಕಂದು ದಾರ. ಹೊಲಿದಿದ್ದೀವಿ ಅಂತಾನೇ ಗೊತ್ತಾಗಲ್ಲ."

ಮೇಷ್ಟ್ರು ನೋಡಿದರು. ನಾನೂ ಇಣುಕಿ ನೋಡಿದೆ. ಚೀಲದ ಸುತ್ತ ಗಿಣಿಹಸಿರು ದಾರ ಮಿಣಮಿಣ ಅನ್ನುತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಅಲ್ಲಪ್ಪಾ," ಅಂದರು ಮೆಲ್ಲಗೆ, "ಇದು ಕಂದು ಬಣ್ಣ ಅಂದ್ರೆ, ನಾನು ಮೂವತ್ತು ವರ್ಷ ಮಕ್ಕಳಿಗೆ ಏನು ಹೇಳ್ಕೊಟ್ಟೆ?"

ಅವತ್ತೇ ನನಗೆ ಗೊತ್ತಾಗಿದ್ದು. ನಮ್ಮ ಯಜಮಾನರಿಗೆ ಹುಟ್ಟಿನಿಂದಲೇ ಕೆಂಪು, ಹಸಿರು, ಕಂದು ಎಲ್ಲಾ ಒಂದೇ ಥರ ಕಾಣುತ್ತಂತೆ. ಮೊದಲನೇ ಮೊಳೆ ಕಪ್ಪು, ಎರಡನೇದು ಕಂದು, ಮೂರನೇದು ಕೆಂಪು ಅಂತ ಮಾವ ಚಿಕ್ಕಂದಿನಿಂದ ಮೊಳೆಯ ಲೆಕ್ಕ ಕಲಿಸಿಕೊಟ್ಟಿದ್ದರು. ನಾನು ಚೆಂದ ಮಾಡಲು ಹೋಗಿ ಆ ಲೆಕ್ಕವನ್ನೆಲ್ಲ ಕಲಸಿಬಿಟ್ಟಿದ್ದೆ.

ಮೇಷ್ಟ್ರ ಚೀಲವನ್ನು ಬಿಚ್ಚಿಸಿ, ನಾನೇ ದಾರ ತೆಗೆದುಕೊಟ್ಟು ಮತ್ತೆ ಹೊಲಿಸಿದೆ. ಅವತ್ತಿನಿಂದ ದಾರ ಆರಿಸುವುದು ನನ್ನ ಕೆಲಸವಾಯಿತು. ಸಂಜೆ ಮನೆಗೆ ಬಂದ ಮೇಲೆ ನನಗೆ ಒಂದು ಅನುಮಾನ ಕೊರೆಯತೊಡಗಿತು. ಹೆಣ್ಣು ನೋಡಲು ಬಂದಾಗ ಇವರು ನನ್ನ ಜೊತೆ ಆಡಿದ್ದು ಒಂದೇ ಮಾತು: "ಹಸಿರು ಸೀರೆ ನಿಮಗೆ ಚೆನ್ನಾಗಿ ಒಪ್ಪುತ್ತೆ." ನಾನು ಉಟ್ಟಿದ್ದದ್ದು ಕುಂಕುಮ ಬಣ್ಣದ ಸೀರೆ. ಪಾಪ, ಗಾಬರಿಯಲ್ಲಿ ತಪ್ಪು ಹೇಳಿರಬೇಕು ಅಂದುಕೊಂಡು ಸುಮ್ಮನಿದ್ದೆ.

"ಹಾಗಾದ್ರೆ ನನ್ನನ್ನಾದ್ರೂ ಸರಿಯಾಗಿ ನೋಡಿದ್ರಾ?" ಅಂತ ಕೇಳಿದೆ.

"ನಿನ್ನನ್ನ ನೋಡಿದ್ದು ಅಪ್ಪ," ಅಂದರು. "ನಾನು ತಿಂಡಿ ನೋಡ್ತಿದ್ದೆ."

ಹಲ್ಲಿನ ಪರೀಕ್ಷೆ

ಮಾದಿಹಳ್ಳಿ ಕಡೆಯ ಒಬ್ಬ ಅಜ್ಜ ವರ್ಷಕ್ಕೊಮ್ಮೆ ಬರುತ್ತಿದ್ದರು. ಎತ್ತುಗಳ ಕೊರಳಿಗೆ ಗಂಟೆಪಟ್ಟಿ ಮಾಡಿಸಲು. ಚರ್ಮದ ಬಗ್ಗೆ ಅವರದು ತಕರಾರಿರಲಿಲ್ಲ, ದಾರದ ಬಗ್ಗೆ ಮಾತ್ರ ಯಾರನ್ನೂ ನಂಬುತ್ತಿರಲಿಲ್ಲ.

"ಏನವ್ವಾ, ಈ ದಾರ ತಡೀತೈತಾ? ನಮ್ಮ ಎತ್ತು ಕತ್ತು ಕೊಡವಿದ್ರೆ ಗಂಟೆ ಊರಾಚೆ ಹೋಗಿ ಬೀಳ್ತೈತೆ."

"ಆರೆಳೆ ದಾರ ಅಜ್ಜ, ಮೇಣ ಹಚ್ಚಿದೀನಿ. ಎಳೆದು ನೋಡಿ."

ಎರಡು ಕೈಗೂ ಸುತ್ತಿಕೊಂಡು ಎಳೆದರು. ಕಿತ್ತುಹೋಗಲಿಲ್ಲ. ಕಾಲಲ್ಲಿ ತುಳಿದುಕೊಂಡು ಎಳೆದರು. ಆಗಲೂ ಇಲ್ಲ. ಅಷ್ಟಾದರೂ ಸಮಾಧಾನವಿಲ್ಲ.

"ಕೈ ಮೋಸ ಮಾಡ್ತೈತೆ. ಹಲ್ಲು ಸುಳ್ಳು ಹೇಳಲ್ಲ," ಅಂದವರೇ ದಾರವನ್ನು ಬಾಯಿಗಿಟ್ಟು ಕಚ್ಚಿ, ಎರಡು ಕೈಯಲ್ಲೂ ಹಿಡಿದು ಜಗ್ಗಿದರು.

ಟಪ್ ಅಂತ ಸದ್ದಾಯಿತು. ಅಜ್ಜ ಒಂದು ಹೆಜ್ಜೆ ಹಿಂದಕ್ಕೆ ಹೋದರು. ದಾರ ಇದ್ದ ಹಾಗೇ ಇತ್ತು. ಅದರ ನಡುವೆ ಮೇಣಕ್ಕೆ ಅಂಟಿಕೊಂಡು ಅಜ್ಜನ ಮುಂದಿನ ಹಲ್ಲೊಂದು ಮಣಿಯ ಹಾಗೆ ನೇತಾಡುತ್ತಿತ್ತು.

ನಾನು ನೀರು ತರಲು ಒಳಗೆ ಓಡಿದೆ. ಯಜಮಾನರು ಅಜ್ಜನನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ಇನ್ನು ಊರವರನ್ನೆಲ್ಲ ಕಟ್ಟಿಕೊಂಡು ಜಗಳಕ್ಕೆ ಬರುತ್ತಾರೆ ಅಂತಲೇ ನಾನು ತಿಳಿದಿದ್ದೆ. ಅಜ್ಜ ಬಾಯಿ ಮುಕ್ಕಳಿಸಿ, ನಾಲಿಗೆಯಿಂದ ಖಾಲಿ ಜಾಗವನ್ನು ತಡವಿ ನೋಡಿಕೊಂಡರು. ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು.

"ಆರು ತಿಂಗಳಿಂದ ಅಲ್ಲಾಡ್ತಿತ್ತು ಮುಂಡೇದು. ಡಾಕ್ಟ್ರ ಹತ್ರ ಹೋಗೋಕೆ ಹೆದ್ರಿಕೊಂಡು ಸುಮ್ನಿದ್ದೆ. ಒಳ್ಳೇ ದಾರ ಕಣವ್ವಾ, ಇದರಾಗೇ ಹೊಲೀರಿ."

ಆಮೇಲೆ ದವಡೆಯನ್ನು ಒತ್ತಿ ನೋಡಿಕೊಂಡು, ದನಿ ತಗ್ಗಿಸಿ ಕೇಳಿದರು: "ಹಿಂದ್ಲದು ಇನ್ನೊಂದು ಅಲ್ಲಾಡ್ತೈತೆ. ಬೇರೆ ಬಣ್ಣದ್ದು ಯಾವುದಾದ್ರೂ ತೋರಿಸ್ತೀಯಾ?"

ಎರಡು ಸೂಜಿ

ಮಾವ ನನಗೆ ಕಲಿಸಿದ ಮೊದಲ ಪಾಠ ಒಂದೇ ಪ್ರಶ್ನೆ. ಗಿರಾಕಿ ಬಂದು ಕೂತ ಕೂಡಲೇ ಕೇಳಬೇಕು: "ದಾರ ಕಾಣಬೇಕೋ, ಕಾಣಬಾರದೋ?" ಕಾಣಬಾರದು ಅಂದರೆ ಚರ್ಮದ ಬಣ್ಣದ್ದೇ ದಾರ, ಕಾಣಬೇಕು ಅಂದರೆ ಎದ್ದು ಕಾಣುವ ಬಣ್ಣ. "ಇಷ್ಟು ಕೇಳಿಬಿಟ್ರೆ ಅರ್ಧ ಕೆಲಸ ಮುಗೀತಮ್ಮ," ಅನ್ನುತ್ತಿದ್ದರು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರೆ ಏನು ಮಾಡಬೇಕು ಅಂತ ಮಾತ್ರ ಅವರು ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಕೊಬ್ಬರಿ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ಮಠಕ್ಕೆ ಹೋಗಿಬರುವಾಗ ಹಿಡಿಯಲು ಒಂದು ಕಪ್ಪು ಚೀಲ ಬೇಕು. ನಾನು ಅಭ್ಯಾಸಬಲದಿಂದ ಕೇಳಿದೆ, "ದಾರ ಕಾಣಬೇಕಾ, ಕಾಣಬಾರದಾ?"

"ಕಾಣಬಾರದು," ಅಂದರು ಅವರು.

"ಕಾಣಬೇಕು," ಅಂದರು ಆಕೆ.

"ಕಪ್ಪು ಚೀಲ, ಕಪ್ಪು ದಾರ. ಗಂಭೀರವಾಗಿರುತ್ತೆ."

"ಗಂಭೀರ ನಿಮ್ಮ ಮುಖದಲ್ಲೇ ಬೇಕಾದಷ್ಟಿದೆ. ಚೀಲಕ್ಕಾದ್ರೂ ಹಳದಿ ದಾರ ಇರಲಿ."

ಮಾತು ಬೆಳೆಯಿತು. ಹಳದಿ ದಾರದಿಂದ ಶುರುವಾಗಿ ಅವರ ಮನೆಯ ಗೋಡೆಗೆ ಹೊಡೆದ ಸುಣ್ಣದ ತನಕ, ಅಲ್ಲಿಂದ ಯಾರದೋ ಮದುವೆಯಲ್ಲಿ ಕೊಟ್ಟ ಸೀರೆಯ ತನಕ ಹೋಯಿತು. ನಾನು ರೀಲುಗಳನ್ನು ಕೈಯಲ್ಲಿ ಹಿಡಿದುಕೊಂಡು ಇವರ ಮುಖ ಒಮ್ಮೆ, ಅವರ ಮುಖ ಒಮ್ಮೆ ನೋಡುತ್ತಾ ನಿಂತೆ.

ಕೊನೆಗೆ ಮಾವ ಎದ್ದು ಬಂದರು. ನಮ್ಮ ಹೊಲಿಗೆಗೆ ಒಂದೇ ದಾರವಾದರೂ ಎರಡು ತುದಿಗೂ ಒಂದೊಂದು ಸೂಜಿ. ಒಂದೇ ತೂತಿನಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ತೂರಬೇಕು. ಅರ್ಧ ಕಪ್ಪು, ಅರ್ಧ ಹಳದಿ ದಾರವನ್ನು ಸೇರಿಸಿ ಗಂಟು ಹಾಕಿ ಹೊಲಿದರೆ ಒಂದು ಹೊಲಿಗೆ ಕಪ್ಪು, ಪಕ್ಕದ್ದು ಹಳದಿ, ಅದರ ಪಕ್ಕ ಮತ್ತೆ ಕಪ್ಪು ಬರುತ್ತದೆ. "ಇಬ್ಬರಿಗೂ ಸಮಪಾಲು," ಅಂದರು ಮಾವ. ಇಬ್ಬರೂ ಒಪ್ಪಿದರು.

ವಾರ ಬಿಟ್ಟು ಚೀಲ ತೆಗೆದುಕೊಳ್ಳಲು ಬಂದಾಗ ಆಕೆ ಬೆರಳಿಟ್ಟು ಹೊಲಿಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಪಟ್ಟಿಯಲ್ಲಿ ಹೊಲಿಗೆಗಳ ಸಂಖ್ಯೆ ಬೆಸ ಬಂದುಬಿಟ್ಟಿತ್ತು. ಶುರುವಿನ ಹೊಲಿಗೆಯೂ ಹಳದಿ, ಕೊನೆಯದೂ ಹಳದಿ. ಇನ್ನೊಂದು ಸುತ್ತು ಜಗಳ ಖಂಡಿತ ಅಂತ ನಾನು ಒಳಗೆ ಜಾರಲು ನೋಡಿದೆ.

ವ್ಯಾಪಾರಿಗಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ಬಿಡಿ ಬಿಡಿ, ಸರಿಯಾಗೇ ಹೊಲ್ದಿದ್ದೀರಿ," ಅಂದರು ಮಾವನಿಗೆ. "ನಮ್ಮನೇಲಿ ಮೊದಲನೇ ಮಾತೂ ಅವಳದೇ, ಕೊನೇ ಮಾತೂ ಅವಳದೇ. ಮಧ್ಯೆ ಮಧ್ಯೆ ನಾನೂ ಕಾಣಿಸ್ತೀನಲ್ಲ, ಅಷ್ಟು ಸಾಕು."

ತುಪ್ಪದ ಸಾರು

ದಾರ ಸಿಕ್ಕಾಗದಿರಲಿ ಅಂತ ಅದಕ್ಕೆ ಹಚ್ಚುವ ಜೇನುಮೇಣವನ್ನು ಆಗೆಲ್ಲ ಒಬ್ಬರು ಚೀಲದಲ್ಲಿ ಹೊತ್ತು ತಂದು ಕೊಡುತ್ತಿದ್ದರು. ಮುಷ್ಟಿಗಾತ್ರದ ಉಂಡೆ, ಥೇಟ್ ಬೆಲ್ಲದ ಬಣ್ಣ. ಅಂಗಡಿಯಲ್ಲಿಟ್ಟರೆ ಬಿಸಿಲಿಗೆ ಮೆತ್ತಗಾಗುತ್ತದೆ ಅಂತ ನಾನು ಅದನ್ನು ಅಡುಗೆಮನೆಯ ತಣ್ಣನೆಯ ಮೂಲೆಯಲ್ಲಿ, ಬೆಲ್ಲದ ಡಬ್ಬಿಯ ಪಕ್ಕದಲ್ಲಿಟ್ಟೆ. ಅಲ್ಲೇ ಆಗಿದ್ದು ಎಡವಟ್ಟು.

ಅವತ್ತು ನಮ್ಮ ನಾದಿನಿಯನ್ನು ನೋಡಲು ಬಾಣಾವರದ ಕಡೆಯಿಂದ ಗಂಡಿನವರು ಬರುವವರಿದ್ದರು. ಅತ್ತೆಗೆ ಬೆಳಗಿನಿಂದ ಕೈಕಾಲು ಆಡುತ್ತಿರಲಿಲ್ಲ. ಸಾರಿಗೆ ಚೂರು ಬೆಲ್ಲ ಹಾಕಬೇಕಿತ್ತು. ಕನ್ನಡಕ ಎಲ್ಲಿಟ್ಟಿದ್ದರೋ, ಉಂಡೆಯನ್ನು ತೆಗೆದು ಕುಟ್ಟಿ ಹಾಕಿದ್ದಾರೆ. ಸಿಹಿ ಸಾಲದು ಅನಿಸಿ ಇನ್ನಷ್ಟು ಹಾಕಿದ್ದಾರೆ.

ಎಲೆ ಹಾಕಿ ಬಡಿಸಿದೆವು. ಸಾರಿನ ಮೇಲೆ ಬಂಗಾರದ ಬಣ್ಣದ ಜಿಡ್ಡು ತೇಲುತ್ತಿತ್ತು. ಗಂಡಿನ ತಂದೆ ಒಂದು ತುತ್ತು ಕಲಸಿ ಬಾಯಿಗಿಟ್ಟು ತಲೆಯಾಡಿಸಿದರು.

"ತುಪ್ಪ ಧಾರಾಳವಾಗಿ ಹಾಕಿದ್ದೀರಿ! ದೊಡ್ಡ ಕೈ ನಿಮ್ಮದು."

ಅತ್ತೆಯ ಮುಖ ಅರಳಿತು. ಅವರು ತುಪ್ಪವನ್ನೇ ಹಾಕಿರಲಿಲ್ಲ, ಆದರೂ ಅದನ್ನು ಹೇಳಲು ಹೋಗಲಿಲ್ಲ. ನನಗೆ ಏನೋ ಅನುಮಾನ ಬಂದು ಅಡುಗೆಮನೆಗೆ ಹೋಗಿ ನೋಡಿದರೆ, ಪಾತ್ರೆಯಲ್ಲಿ ಉಳಿದ ಸಾರು ಆರಿ, ಮೇಲೆ ಗಟ್ಟಿ ಮುಚ್ಚಳ ಕಟ್ಟಿತ್ತು. ಸೌಟಿನಿಂದ ತಟ್ಟಿದರೆ ಟಕ್ ಟಕ್ ಅಂದಿತು. ಪಕ್ಕದಲ್ಲಿ ಮೇಣದ ಉಂಡೆ ಅರ್ಧವೇ ಇತ್ತು.

ಹೊರಗೆ ಬಂದೆ. ಊಟ ಮುಗಿದಿತ್ತು. ಗಂಡಿನವರು ಬಚ್ಚಲಲ್ಲಿ ಬಾಯಿ ತೊಳೆಯುತ್ತಿದ್ದರೆ ನೀರು ಕೆಸುವಿನೆಲೆಯ ಮೇಲಿನ ಹಾಗೆ ಉರುಳಿ ಬೀಳುತ್ತಿತ್ತು. ಗಂಡು ಮಾತಾಡಲು ಬಾಯಿ ತೆರೆದರೆ ತುಟಿ ಒಂದಕ್ಕೊಂದು ಅಂಟಿಕೊಂಡು ಪಟ್ ಅನ್ನುತ್ತಿತ್ತು. ಒಪ್ಪಿಗೆಯ ಮಾತು ಮಾತ್ರ ಆಗಿಹೋಯಿತು. ಹುಡುಗ ಮಾತು ಕಡಿಮೆ, ಬಲು ಗಂಭೀರ ಅಂತ ನಾದಿನಿ ಕೂಡಾ ಮೆಚ್ಚಿದಳು.

ಅವರೆಲ್ಲ ಹೋದ ಮೇಲೆ ನಾನು ಅಳುತ್ತಾ ವಿಷಯ ಹೇಳಿದೆ. ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು. ಮಾವ ಮಾತ್ರ ಎಲೆಯಡಿಕೆ ಮಡಿಸುತ್ತಾ ನಿಧಾನವಾಗಿ ಹೇಳಿದರು: "ಒಳ್ಳೇದೇ ಆಯ್ತು ಬಿಡಿ. ಮೇಣ ಹಚ್ಚಿದ ಸಂಬಂಧ, ಸಿಕ್ಕಾಗಲ್ಲ."

ಸಿಕ್ಕಾಗಲೂ ಇಲ್ಲ. ನಾದಿನಿಯ ಗಂಡ ಈಗ ಅಜ್ಜನಾಗಿದ್ದಾನೆ. ಬಂದಾಗಲೆಲ್ಲ ಕೇಳುತ್ತಾನೆ: "ಅವತ್ತು ಮಾಡಿದ್ರಲ್ಲ, ಆ ಸಾರು ಮತ್ತೆ ಯಾಕೆ ಮಾಡೋದೇ ಇಲ್ಲ?"

ಬಳಪದ ಕಲ್ಲಿನ ಬಣ್ಣ

ಬೇಲೂರಿನಲ್ಲಿ ಸಣ್ಣ ಸಣ್ಣ ವಿಗ್ರಹ ಕೆತ್ತಿ ಮಾರುವ ಶಿಲ್ಪಿಯೊಬ್ಬರಿದ್ದಾರೆ. ತಮ್ಮ ಉಳಿಗಳನ್ನು ಸುತ್ತಿಡಲು ಚರ್ಮದ ಹೊದಿಕೆ ಬೇಕು ಅಂದರು. ಕಣ್ಣಿನಲ್ಲೇ ಅಳತೆ ಹಿಡಿಯುವ ಮನುಷ್ಯ. ದಾರ ಯಾವುದು ತೋರಿಸಿದರೂ ಒಪ್ಪಲಿಲ್ಲ.

"ದೇವಸ್ಥಾನದ ಕಲ್ಲಿನ ಬಣ್ಣ ಬೇಕಮ್ಮ. ಬೂದಿನೂ ಅಲ್ಲ, ಹಸಿರೂ ಅಲ್ಲ. ಸಂಜೆ ಹೊತ್ತಲ್ಲಿ ಒಂಥರಾ ಇರುತ್ತಲ್ಲ, ಅದು."

ಬೂದಿ, ಹಸಿರು ಅಂದ ಕೂಡಲೇ ನಮ್ಮ ಯಜಮಾನರು ಎದ್ದು ಕಾಫಿಗೆ ಹೋದರು. ನಾನೇ ಹತ್ತು ರೀಲು ಚೀಲಕ್ಕೆ ಹಾಕಿಕೊಂಡು, ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿನಲ್ಲಿ ಬಸ್ಸಿಳಿದೆ. ಶಿಲ್ಪಿ ನನ್ನನ್ನು ಸೀದಾ ದೇವಸ್ಥಾನದ ಹೊರಗೋಡೆಯ ಹತ್ತಿರ ಕರೆದುಕೊಂಡು ಹೋದರು. ನಾನು ಒಂದೊಂದೇ ದಾರ ಎಳೆದು ಕಲ್ಲಿಗೆ ತಾಗದ ಹಾಗೆ ಹಿಡಿಯುವುದು, ಅವರು ನಾಲ್ಕು ಹೆಜ್ಜೆ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ, "ಊಹೂಂ, ಇನ್ನೂ ಸ್ವಲ್ಪ ತಿಳಿ," ಅನ್ನುವುದು.

ಅಷ್ಟರಲ್ಲಿ ಪ್ರವಾಸಕ್ಕೆ ಬಂದ ಹೈಸ್ಕೂಲು ಮಕ್ಕಳ ದಂಡೊಂದು ಬಂತು. ಅವರನ್ನು ಕರೆತಂದ ಗೈಡು ನಮ್ಮನ್ನು ನೋಡಿ ಒಂದು ಕ್ಷಣ ತಡೆದರು. ಗೊತ್ತಿಲ್ಲ ಅನ್ನುವುದು ಆ ಕಸುಬಿನಲ್ಲಿ ನಡೆಯುವುದಿಲ್ಲವಲ್ಲ.

"ಮಕ್ಕಳೇ, ಇಲ್ಲಿ ನೋಡಿ. ಹಿಂದಿನ ಕಾಲದ ಶಿಲ್ಪಿಗಳು ಹೀಗೇ ನೂಲು ಹಿಡಿದು ಅಳತೆ ತೆಗೀತಿದ್ರು. ಇವತ್ತಿಗೂ ಆ ಪದ್ಧತಿ ಉಳಿದಿದೆ."

"ಬರ್ಕೊಳ್ರೋ," ಅಂದರು ಜೊತೆಗಿದ್ದ ಮೇಷ್ಟ್ರು. ಮಕ್ಕಳೆಲ್ಲ ನೋಟ್‌ಬುಕ್ ತೆಗೆದರು. ಒಬ್ಬಳು ನನ್ನ ಹತ್ತಿರ ಬಂದು, "ಆಂಟಿ, ನಿಮ್ಮ ಕೈಲಿರೋ ನೂಲಿಗೆ ಏನಂತಾರೆ?" ಅಂದಳು. ನಾನು ಗಾಬರಿಯಲ್ಲಿ ಇದ್ದದ್ದು ಇದ್ದ ಹಾಗೆ, "ಮೂರೆಳೆ ಪಾಲಿಯೆಸ್ಟರ್," ಅಂದೆ. ಅದನ್ನೂ ಬರೆದುಕೊಂಡಳು. ಆ ಮಗುವಿನ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರದೇ ಇರಲಿ ಅಂತ ಅಲ್ಲೇ ದೇವರಿಗೆ ಕೈಮುಗಿದೆ.

ಎರಡು ಗಂಟೆ ಹೊತ್ತು ಬಿಸಿಲಲ್ಲಿ ಗೋಡೆಯ ಸುತ್ತ ಸುತ್ತಿದ ಮೇಲೆ ಒಂದು ದಾರ ಕಲ್ಲಿಗೆ ಸರಿಯಾಗಿ ಹೊಂದಿತು. ಕಲ್ಲು ಯಾವುದು, ದಾರ ಯಾವುದು ಗೊತ್ತಾಗದಷ್ಟು. ಶಿಲ್ಪಿ ಅದನ್ನು ಬಹಳ ಹೊತ್ತು ನೋಡಿ, ದೊಡ್ಡದೊಂದು ಉಸಿರು ಬಿಟ್ಟರು.

"ಇದೇ ಅಮ್ಮ. ಇದೇ ಬಣ್ಣ." ಆಮೇಲೆ ರೀಲನ್ನು ನನ್ನ ಚೀಲಕ್ಕೆ ವಾಪಸು ಹಾಕುತ್ತಾ ಹೇಳಿದರು: "ಆದ್ರೆ ನೀವು ಕಪ್ಪಲ್ಲೇ ಹೊಲಿಸಿಬಿಡಿ. ಕೊಳೆ ಆದ್ರೆ ಕಾಣಲ್ಲ ನೋಡಿ."

ಸೊಟ್ಟ ಹೊಲಿಗೆ

ಇದು ಈಚಿನದು. ಮಾವ ಈಗಿಲ್ಲ. ಅವರು ಚರ್ಮಕ್ಕೆ ತೂತು ಹಾಕುತ್ತಿದ್ದ ಉಳಿಯ ಹಿಡಿ ಮಾತ್ರ ಸವೆದು ಸವೆದು ನಮ್ಮ ಯಜಮಾನರ ಅಂಗೈಗೂ ಸರಿಯಾಗಿ ಕೂರುವ ಹಾಗಾಗಿದೆ. ಮೊದಲಿನ ಗಿರಾಕಿಗಳು ಕಡಿಮೆ, ಫೋನಿನಲ್ಲಿ ಹೇಳಿ ಕಳಿಸುವವರು ಜಾಸ್ತಿ.

ಮೈಸೂರಿನ ಹುಡುಗಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಚೀಲಕ್ಕೆ ಆರ್ಡರ್ ಕೊಟ್ಟಳು. ದಾರದ ಫೋಟೋ ಕಳಿಸಿದೆ, ಬಿಳಿ ದಪ್ಪ ದಾರವನ್ನು ಒಪ್ಪಿದಳು. ಹೊಲಿದ ಮೇಲೆ ಚೀಲದ ಫೋಟೋ ಕಳಿಸಿದೆ. ಅಕ್ಕಿಕಾಳು ಜೋಡಿಸಿಟ್ಟ ಹಾಗಿತ್ತು ಹೊಲಿಗೆ.

ಅವಳು ಫೋನ್ ಮಾಡಿದಳು. "ಆಂಟಿ, ಇದು ಮೆಷಿನ್ನಲ್ಲಿ ಹೊಲ್ದಿರೋದಲ್ವಾ?"

"ಅಯ್ಯೋ ಇಲ್ಲಮ್ಮ, ಒಂದೊಂದು ಹೊಲಿಗೇನೂ ಕೈಯಲ್ಲೇ."

"ಕೈಯಲ್ಲಿ ಅಂತ ಗೊತ್ತಾಗಲ್ವಲ್ಲ ಆಂಟಿ. ಸ್ವಲ್ಪ ಸೊಟ್ಟ ಬರೋ ಹಾಗೆ ಇನ್ನೊಂದು ಸಲ ಹೊಲ್ಸಿ, ಪ್ಲೀಸ್. ಫೀಲ್ ಬರ್ಬೇಕು."

ಯಜಮಾನರಿಗೆ ಹೇಳಿದೆ. ಹೊಲಿಗೆ ಒಂದು ಎಳ್ಳಿನಷ್ಟು ವಾಲಿದರೂ ಮಾವ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದ ಕಾಲ ಅವರದು. ಆದರೂ ಗಿರಾಕಿಯ ಮಾತು ಅಂತ ದಾರ ಬಿಚ್ಚಿ ಕೂತರು. ಸೊಟ್ಟ ಹೊಲಿಯಲು ನೋಡಿದರು, ಕೈ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಹೊಲಿದರು, ನೆಟ್ಟಗೇ ಬಂತು. ಎಡಗೈಯಲ್ಲಿ ಹೊಲಿದರು, ಅದೂ ನೆಟ್ಟಗೇ. ಬೆವರು ಒರೆಸಿಕೊಂಡು ಚೀಲವನ್ನು ನನ್ನ ಮುಂದೆ ತಳ್ಳಿದರು.

"ತಗೋ, ನೀನು ಹೊಲಿ."

ಅದು ಹೊಗಳಿಕೆಯಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಹೊಲಿದೆ. ನನ್ನ ಜನ್ಮದಲ್ಲೇ ಮೊದಲ ಚೀಲ. ಒಂದು ಹೊಲಿಗೆ ಸ್ಟೇಷನ್ನಿನ ಕಡೆ, ಇನ್ನೊಂದು ಬಸ್‌ಸ್ಟ್ಯಾಂಡಿನ ಕಡೆ. ಕಳಿಸಿಕೊಟ್ಟೆವು.

ಮೂರನೇ ದಿನ ಹುಡುಗಿಯ ಮೆಸೇಜು ಬಂತು. ಯಜಮಾನರಿಗೆ ಓದಿ ಹೇಳುವುದೋ ಬೇಡವೋ ಅಂತ ಅನುಮಾನಿಸಿ, ಕೊನೆಗೆ ಓದಿದೆ: "ಆಂಟಿ, ಸೂಪರ್! ಇದನ್ನ ಹೊಲಿದವರು ದೊಡ್ಡ ಕಲಾವಿದರು. ಮೊದಲು ಹೊಲಿದವರಿಗೆ ಇವರ ಹತ್ರ ಸ್ವಲ್ಪ ಕಲ್ತುಕೊಳ್ಳೋಕೆ ಹೇಳಿ."

ಕ್ರಾಸಿಂಗಿನ ಗಾಡಿ

ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಇದನ್ನು ಹೇಳಲು ಶುರುಮಾಡಿದರೆ ನಮ್ಮ ಯಜಮಾನರು ಈಗಲೂ ಎದ್ದು ಹೊರಗೆ ಹೋಗುತ್ತಾರೆ.

ಮೊಬೈಲು ಇಲ್ಲದ ಕಾಲ. ಒಂದು ಮಧ್ಯಾಹ್ನ ಸ್ಟೇಷನ್ನಿನಲ್ಲಿ ಟೀ ಮಾರುವವರು ಓಡಿಬಂದರು. "ಅಣ್ಣಾ, ವಾಲಗದವರು ಬೀರೂರಿಗೆ ಮದುವೆಗೆ ಹೊರಟಿದ್ದಾರೆ. ಹತ್ತೋವಾಗ ಡೋಲಿನ ಪಟ್ಟಿ ಕಿತ್ತೋಯ್ತು. ಸಂಜೆಗೇ ಬಾರಿಸ್ಬೇಕಂತೆ. ಗಾಡಿಗೆ ಕ್ರಾಸಿಂಗ್ ಇದೆ, ಇಪ್ಪತ್ತು ನಿಮಿಷ ನಿಲ್ಲುತ್ತೆ. ಬೇಗ ಬನ್ನಿ."

ಡೋಲಿನವರು ಅದನ್ನು ಕೊರಳಿಗೆ ನೇತುಹಾಕಿಕೊಂಡೇ ಬಾರಿಸಬೇಕು. ಪಟ್ಟಿ ಇಲ್ಲದೆ ಮದುವೆಮನೆಯ ಮುಂದೆ ಅವರು ನಿಲ್ಲುವುದಾದರೂ ಹೇಗೆ? ಯಜಮಾನರು ಉಳಿ, ಸೂಜಿ, ಕತ್ತರಿ ಹಿಡಿದು ಓಡಿದರು. ಅವರ ಹಿಂದೆ ನಾನು, ಸೆರಗಿನಲ್ಲಿ ನಾಲ್ಕು ರೀಲು ದಾರ ಕಟ್ಟಿಕೊಂಡು.

ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಹೇಗೋ ನುಗ್ಗಿ ಕಿಟಕಿಯ ಪಕ್ಕ ಕೂತರು. ನಾನು ಪ್ಲಾಟ್‌ಫಾರಮ್ಮಿನಲ್ಲಿ ಕಿಟಕಿಯ ಹೊರಗೆ ನಿಂತು ರೀಲುಗಳನ್ನು ತೋರಿಸಿದೆ.

"ಕೆಂಪು ಕೊಡಿ," ಅಂದರು ಡೋಲಿನವರು. "ಮದುವೆ ಕೆಲಸ."

"ಹಳದಿ," ಅಂದರು ನಾದಸ್ವರದ ಹಿರಿಯರು. "ಅರಿಶಿನದ ಬಣ್ಣ. ಅದಕ್ಕಿಂತ ಮಂಗಳ ಯಾವುದಿದೆ?"

"ಪಟ್ಟಿ ನಂದು, ಅಣ್ಣಾ."

"ಮೇಳ ನಂದು, ತಮ್ಮಾ."

"ಯಾವುದಾದ್ರೂ ಒಂದು ಹೇಳ್ರಪ್ಪಾ!" ಅಂತ ಯಜಮಾನರು ಕೂಗಿದರು. ಜಗಳ ಬಿಡಿಸೋಣ ಅಂತ ನಾನು, "ಕಪ್ಪೂ ಇದೆ," ಅಂದೆ. ಇಬ್ಬರೂ ಒಟ್ಟಿಗೆ ನನ್ನ ಮೇಲೆ ತಿರುಗಿಬಿದ್ದರು. "ಮದುವೆಗೆ ಕಪ್ಪಾ? ಬಿಡ್ತು ಅನ್ನಿ!" ಸುತ್ತ ಕೂತ ಪ್ರಯಾಣಿಕರೂ ಸೇರಿಕೊಂಡರು. ಕಿಟಕಿಯ ಈ ಕಡೆಯವರು ಕೆಂಪು, ಆ ಕಡೆಯವರು ಹಳದಿ. ಹೀಗೆ ಹನ್ನೆರಡು ನಿಮಿಷ ಹೋಯಿತು. ಕೊನೆಗೆ ಮೇಲಿನ ಬರ್ತಿನಲ್ಲಿ ಮಲಗಿದ್ದವರೊಬ್ಬರು ತಲೆ ಇಳಿಬಿಟ್ಟು, "ಕೆಂಪು ಹಾಕಿ ಮುಗಿಸ್ರೀ, ನಿದ್ದೆ ಹಾಳು," ಅಂದ ಮೇಲೆ ಕೆಂಪು ಅಂತ ತೀರ್ಮಾನವಾಯಿತು.

ಯಾವಾಗಲೂ ಅಳತೆ ನೋಡಿ ದಾರ ಕತ್ತರಿಸಿಕೊಂಡು ಆಮೇಲೆ ಹೊಲಿಗೆಗೆ ಕೂರುವುದು ನಮ್ಮ ಕ್ರಮ. ಅವತ್ತು ಅಳತೆಗೂ ಎರಡು ಸೂಜಿಗೂ ಪುರುಸೊತ್ತೆಲ್ಲಿ? "ಎಷ್ಟು ಬೇಕಾಗುತ್ತೋ ಗೊತ್ತಿಲ್ಲ, ಕತ್ತರಿಸ್ಬೇಡ. ನೀನು ರೀಲು ಹಿಡ್ಕೊಂಡಿರು, ನಾನು ಎಳ್ಕೊಳ್ತೀನಿ," ಅಂದರು. ದಾರದ ತುದಿಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿದೆ. ಅವರು ತಲೆ ಬಗ್ಗಿಸಿ ಹೊಲಿಯತೊಡಗಿದರು.

ಎದುರಿನ ಗಾಡಿ ಬಂದು ಹೋಯಿತು. ನಮ್ಮ ಗಾಡಿ ಕೂಗಿತು.

"ರೀ, ಇಳೀರಿ! ಹೊರಡ್ತು!"

"ನಾಲ್ಕು ಹೊಲಿಗೆ ಇದೆ ಕಣೇ!"

"ನಾಲ್ಕು ಹೊಲಿಗೆ ಅವರೇ ಹಾಕ್ಕೊಳ್ತಾರೆ, ಇಳೀರಿ!"

"ಅರ್ಧಕ್ಕೆ ಬಿಟ್ರೆ ಎಲ್ಲಾ ಬಿಚ್ಚಿಕೊಳ್ಳುತ್ತೆ!"

ಗಾಡಿ ಮೆಲ್ಲಗೆ ಸರಿಯಿತು. ನಾನೂ ಪಕ್ಕದಲ್ಲೇ ನಡೆದೆ. ಗಾಡಿ ಜೋರಾಯಿತು, ನಾನೂ ಓಡಿದೆ. ಬಾಗಿಲಿನಲ್ಲಿ ಜನ ಕಿಕ್ಕಿರಿದಿದ್ದರು, ಇವರು ಇಳಿಯುವ ಹಾಗೇ ಇರಲಿಲ್ಲ. ಕತ್ತರಿ ಅವರ ಹತ್ತಿರ, ರೀಲು ನನ್ನ ಹತ್ತಿರ. ದಾರವನ್ನು ನಾನೇ ಆರಿಸಿದ್ದು, ಅದು ಕಿತ್ತುಹೋಗುವ ಜಾತಿಯದಲ್ಲ. ಕೈಯಲ್ಲಿ ರೀಲು ಗಿರಗಿರ ತಿರುಗುತ್ತಿತ್ತು. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಕೆಂಪು ದಾರ ಎಳೆದುಕೊಂಡು ಹೋಗುತ್ತಿದ್ದರೆ ಟೀಯವರು ಹಿಂದಿನಿಂದ ಕೂಗಿದರು: "ಅಕ್ಕಾ, ಗಾಳಿಪಟ ಮೇಲಕ್ಕೇ ಏಳ್ತಿಲ್ವಲ್ಲಾ!"

ಪ್ಲಾಟ್‌ಫಾರಂ ಮುಗಿಯಿತು. ನಾನು ನಿಂತೆ. ರೀಲಿನ ಕೊನೆಯ ಸುತ್ತೂ ಬಿಚ್ಚಿಕೊಂಡು ದಾರ ಗಾಡಿಯ ಹಿಂದೆ ಹಾರಿಹೋಯಿತು. ನನ್ನ ಕೈಯಲ್ಲಿ ಬರಿಯ ಮರದ ರೀಲು ಉಳಿಯಿತು.

ಮನೆಗೆ ಬಂದೆ. ಅತ್ತೆ ಕೇಳಿದರು, "ಅವನೆಲ್ಲಿ?"

"ರೈಲಿಗೆ ಕೊಟ್ಟು ಬಂದೆ ಅತ್ತೆ," ಅಂದವಳು ಅಲ್ಲೇ ಕೂತು ಅತ್ತುಬಿಟ್ಟೆ. ಜೇಬಿನಲ್ಲಿ ಬಿಡಿಗಾಸಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಟಿಕೆಟ್ಟಂತೂ ಇಲ್ಲವೇ ಇಲ್ಲ. ಎಲ್ಲಿ ಇಳಿಸಿದರೋ, ಯಾರು ಹಿಡಿದರೋ. ಅವತ್ತು ನಾನು ಹೊತ್ತ ಹರಕೆಗಳನ್ನು ತೀರಿಸಲು ಎರಡು ವರ್ಷ ಹಿಡಿಯಿತು.

ಇನ್ನೂ ಬೆಳಕಿರುವಾಗಲೇ ಆ ಕಡೆಯ ಪ್ಯಾಸೆಂಜರಿನಲ್ಲಿ ಇಳಿದು ಬಂದರು. ಹಣೆಗೆ ಕುಂಕುಮ, ಕಿವಿಯ ಮೇಲೆ ಹೂವು, ಕೈಯಲ್ಲಿ ತಾಂಬೂಲ. ವಾಲಗದವರು ಬೀರೂರಿನ ಮದುವೆಮನೆಗೆ ಕರೆದುಕೊಂಡು ಹೋಗಿ ಊಟ ಮಾಡಿಸಿ, ಟಿಕೆಟ್ ತೆಗೆಸಿ ಕಳಿಸಿಕೊಟ್ಟಿದ್ದರು.

"ಹೋಗೋವಾಗ ಟಿಕೆಟ್ ಕೇಳ್ಲಿಲ್ವಾ?" ಅಂದೆ ಕಣ್ಣೊರೆಸಿಕೊಳ್ಳುತ್ತಾ.

"ಕೇಳ್ದೇ ಇರ್ತಾರಾ? ಅರಸೀಕೆರೆ ದಾಟ್ತಿದ್ದ ಹಾಗೇ ಟಿ.ಸಿ. ಬಂದ. ನಾನು ಕೊನೇ ಹೊಲಿಗೆ ಹಾಕ್ತಿದ್ದೆ. 'ಸಾರ್, ನಾನು ಗಾಡಿ ಹತ್ತಿಲ್ಲ, ಗಾಡೀನೇ ನನ್ನ ಎತ್ಕೊಂಡು ಬಂತು,' ಅಂದೆ. ನಂಬ್ಲಿಲ್ಲ. ಕಿಟಕಿಯಿಂದ ಆಚೆ ಹೋಗಿದ್ದ ದಾರ ತೋರ್ಸಿದೆ. 'ಇದರ ಆ ತುದೀಲಿ ನನ್ನ ಹೆಂಡ್ತಿ ಇದ್ದಾಳೆ ಸಾರ್, ಬೇಕಾದ್ರೆ ಎಳೆದು ನೋಡಿ,' ಅಂದೆ."

"ಅದಕ್ಕೆ?"

"ಕಿಟಕೀಲಿ ತಲೆ ಹಾಕಿ ನೋಡ್ದ. ದಾರ ನಾಲ್ಕು ಬೋಗಿ ಉದ್ದಕ್ಕೂ ಹಾರಾಡ್ತಾ ಇತ್ತು. ತಲೆ ಒಳಗೆ ತಗೊಂಡು, ರಸೀದಿ ಪುಸ್ತಕ ಮುಚ್ಚಿ, ಕೈಮುಗಿದು ಹೇಳ್ದ: 'ಬೇಡ ಮಾರಾಯ್ರೇ, ಎಳೀಬೇಡಿ. ಅವರೂ ಬಂದುಬಿಟ್ರೆ ಎರಡು ಟಿಕೆಟ್ ಬರೀಬೇಕಾಗುತ್ತೆ!'"